ಜೋಳದೊಳಗಿನ ಗೂಬೆ

ಸುರಪುರದ ಈ ಮನೆಯಲ್ಲಿ ಮಣ್ಣಿನ ಗೂಬೆಯ ಮೈ ಪಡಸಾಲೆಯಲ್ಲಿದೆ, ತಲೆ ಅಡುಗೆಮನೆಯ ಜೋಳದ ಗಡಿಗೆಯಲ್ಲಿದೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಲಂಡನ್ನಿನ ನಾಲ್ವರು ಅಣ್ಣತಮ್ಮಂದಿರು ಸುಟ್ಟು ಮಾಡುತ್ತಿದ್ದ ಹಕ್ಕಿ-ಜಾಡಿ ಇದು, ತಲೆಯೇ ಮುಚ್ಚಳ. ಸಾಹೇಬರ ಬಂಗಲೆಯಲ್ಲಿ ಅಡುಗೆಗಿದ್ದ ಈ ಮನೆಯ ಮುತ್ತಜ್ಜ ತಂದದ್ದಂತೆ. ಆ ಅಣ್ಣತಮ್ಮಂದಿರ ಚರಿತ್ರೆ ಬರೆಯುತ್ತಿರುವ ನಾನು ಇದರ ಫೋಟೊಗಾಗಿಯೇ ಬಂದವನು.

"ತಲಿ ಕೂಡಿಸಬ್ಯಾಡ್ರಿ," ಎಂದರು ಮನೆಯ ಹಿರಿಯರಾದ ನೀಲಮ್ಮ. "ಮನ್ಯಾಗ ಗೂಗಿ ಹೊಕ್ಕರ ಮನಿ ಬಿಡಬೇಕಾಗ್ತದ. ಒಳಗ ಸೊಸಿಗಿ ದಿನ ತುಂಬ್ಯಾವ."

"ಅದು ಬರೀ ಮಣ್ಣು, ಅಮ್ಮಾ, ಒಂದೇ ನಿಮಿಷ," ಎಂದು ಕಾಡಿದೆ. ಅವರು ಮುಖ ಆಚೆ ತಿರುಗಿಸಿಕೊಂಡೇ ತಲೆ ತಂದುಕೊಟ್ಟರು.

ಕುತ್ತಿಗೆಯ ಮೇಲೆ ತಲೆ ಸಲೀಸಾಗಿ ಕೂತಿತು. ಅರೆಮುಚ್ಚಿದ ಕಣ್ಣು, ಮನುಷ್ಯರಂಥ ಕುಹಕದ ನಗು. ಮುಖವನ್ನು ನನ್ನ ಕಡೆಗೆ ತಿರುಗಿಸಿಟ್ಟು, ಕ್ಯಾಮೆರಾ ತೆಗೆಯಲು ಬಗ್ಗಿದೆ. ಹೊರಗೆ ಕಲ್ಲು ತುಂಬಿದ ಲಾರಿ ಹಾದು ಇಡೀ ಪಡಸಾಲೆ ಅದುರಿತು. ಎದ್ದು ನೋಡಿದರೆ ಗೂಬೆ ಸೊಸೆಯ ಕೋಣೆಯತ್ತ ನೋಡುತ್ತಿತ್ತು.

ಸಡಿಲ ಮುಚ್ಚಳ, ಲಾರಿಯ ಅದುರಾಟಕ್ಕೆ ತಿರುಗಿದೆ. ನನಗೆ ಗೊತ್ತು.

"ಅತ್ತೀ..." ಒಳಗಿನಿಂದ ಸೊಸೆ ನರಳಿದಳು. ನೀಲಮ್ಮ ಓಡಿದರು.

ನಾನು ತಲೆ ಕಿತ್ತೆ. ಅದರ ಕಣ್ಣಿಗೆ ಅಂಗೈ ಮುಚ್ಚಿಕೊಂಡು ಅಡುಗೆಮನೆಗೆ ಹೋಗಿ, ಮೊಣಕೈವರೆಗೂ ಕೈ ಇಳಿಸಿ, ಜೋಳದೊಳಗೆ ಹುಗಿದೆ. ಮುಖ ಕೆಳಗೆ ಮಾಡಿ.