ಅಂಬಪ್ಪನ ಕೊರಮೀನುಗಳು
ಎಂಬತ್ತರ ದಶಕದ ಸಿಂಧನೂರಿನಲ್ಲಿ ನಮ್ಮ ಓಣಿಯ ರೇಡಿಯೊ ರಿಪೇರಿ ಅಂಬಪ್ಪನ ಮನೆಗೆ ಯಾವಾಗ ಹೋದರೂ ಆತ ಮೊಣಕೈವರೆಗೆ ಗಾಜಿನ ತೊಟ್ಟಿಯಲ್ಲಿ ಕೈಯಿಳಿಸಿ ಕಲ್ಲು ಸರಿಸುತ್ತಿರುತ್ತಿದ್ದ. ಕಾಲುವೆಯಲ್ಲಿ ಒಂದೇ ಬಲೆಗೆ ಸಿಕ್ಕ ಎರಡು ಕೊರಮೀನುಗಳು ಒಂದು ಹೆಂಚಿನ ಚೂರಿನ ನೆರಳಿಗಾಗಿ ದಿನವಿಡೀ ಕಚ್ಚಾಡುತ್ತಿದ್ದವು. ‘ಜಾಗಾ ಬದಲಾದ್ರ ಇದು ನಂದು ಅನ್ನೋದು ಮರೀತಾವ್ರೀ’ ಎನ್ನುತ್ತ ಕಲ್ಲು, ಹೆಂಚು ಎಲ್ಲವನ್ನೂ ಅದಲುಬದಲು ಮಾಡುತ್ತಿದ್ದ. ಪಕ್ಕದಲ್ಲಿ ಗಿರಾಕಿಗಳ ರೇಡಿಯೊಗಳು ಹೊಟ್ಟೆ ಬಿಚ್ಚಿಕೊಂಡು ವಾರಗಟ್ಟಲೆ ಬಿದ್ದಿರುತ್ತಿದ್ದವು. ‘ನಡುವ ಒಂದು ಗಾಜು ನಿಲ್ಲಿಸಿಬಿಡು ಅಂಬಣ್ಣ’ ಎಂದರೆ ಮಾತ್ರ ಕೆಂಡವಾಗುತ್ತಿದ್ದ: ‘ಅಡ್ಡ ಹಾಕಾಕ ಏನ್ ಶಾಣ್ಯಾತನ ಬೇಕ್ರೀ? ಕೂಡಿಸಿ ಇಡೂದು ಕಲೀರಿ!’ ತಮ್ಮ ವೆಂಕೋಬನೊಡನೆ ಮಾತು ಬಿಟ್ಟ ವರ್ಷ ಮನೆಯ ನಡುವೆ ಎಬ್ಬಿಸಿದ ಗೋಡೆಯನ್ನು ಆಮೇಲೆ ತಾನೇ ಒಂದಿಷ್ಟು ಒಡೆದು, ಆ ಕಿಂಡಿಯಲ್ಲೇ ತೊಟ್ಟಿ ಕೂರಿಸಿದ್ದ. ಹೊಟ್ಟೆ ತುಂಬಿದ ಮೀನು ಜಗಳಾಡುವುದಿಲ್ಲವೆಂದು ದಿನಾ ಸಂಜೆ ಎರೆಹುಳು ಹಾಕುತ್ತಿದ್ದ, ಅವು ಮೂಸಿಯೂ ನೋಡುತ್ತಿರಲಿಲ್ಲ. ‘ಹಸಿವೇ ಇಲ್ಲ ನೋಡ್ರಿ ಇವಕ್ಕ’ ಎಂದು ಬೆರಗಾಗುತ್ತಿದ್ದ. ಅಷ್ಟರಲ್ಲಾಗಲೇ ವೆಂಕೋಬನ ಕಡೆಯಿಂದ ಒಂದು ಕೈ ಎರೆಹುಳು ಹಾಕಿ ಸರಿದಿರುತ್ತಿದ್ದುದು ಓಣಿಗೆಲ್ಲ ಗೊತ್ತಿತ್ತು. ಅಂಬಪ್ಪನಿಗೆ ಗೊತ್ತಿತ್ತೋ ಇಲ್ಲವೋ. ಪಾಚಿ ಕಟ್ಟಿದಾಗ ಮಾತ್ರ ತಮ್ಮನ ಕಡೆಯ ಗಾಜನ್ನೇ ಮೊದಲು ಒರೆಸುತ್ತಿದ್ದ.