ಮೊದಲ ಅಡಿ ಇಲ್ಲದ ಟೇಪು

ಮಾರೇನಹಳ್ಳಿಯ ನಮ್ಮ ರಸ್ತೆಯಲ್ಲಿ ಇಪ್ಪತ್ತೆರಡು ಕಾಂಪೌಂಡ್ ಗೋಡೆ ಕಟ್ಟಿದವರು ಗಾರೆ ಮೇಸ್ತ್ರಿ ದೊಡ್ಡಹನುಮಯ್ಯ. ಎಪ್ಪತ್ತು ದಾಟಿದರೂ ನಾಯಂಡಹಳ್ಳಿಯಿಂದ ಬಸ್ಸಿನಲ್ಲಿ ಬಂದು ಕೆಲಸ ಮಾಡುತ್ತಿದ್ದರು. ಗಡಿ ಜಗಳ ಎದ್ದಾಗಲೆಲ್ಲ "ಹನುಮಯ್ಯನೋರನ್ನ ಕರೀರಿ" ಎನ್ನುತ್ತಿದ್ದೆವು. ಅವರು ಹೇಳಿದ ಮೇಲೆ ಮುಗೀತು. ಆ ಮಾತೊಂದು ಬಿಟ್ಟು ಬೇರೆ ಆಸ್ತಿ ಮಾಡಿಕೊಳ್ಳಲಿಲ್ಲ ಆ ಮನುಷ್ಯ.

ಅವರ ಹಳೇ ಟೇಪಿನ ಮೊದಲ ಅಡಿ ಹರಿದುಹೋಗಿತ್ತು. ಉಳಿದದ್ದು ಒಂದರಿಂದಲೇ ಶುರು. ಹೊಸದು ತಗೊಳ್ಳಿ ಎಂದರೆ ಕೇಳುವ ಆಸಾಮಿಯಲ್ಲ. ಹೆಂಡತಿ ಹಾಲವ್ವ ತುದಿಯನ್ನು ಮೂಲೆಗಲ್ಲಿಗೆ ಒತ್ತಿ ಹಿಡಿದು "ಒಂದು ಬಿಟ್ಟಿದೀನಿ" ಎಂದು ಕೂಗುತ್ತಿದ್ದರು. ಮೂವತ್ತಡಿ ಬೇಕಾದರೆ ಇವರು ಮೂವತ್ತೊಂದರಲ್ಲಿ ಗೂಟ ಹೊಡೆಯುತ್ತಿದ್ದರು.

ಹೋದ ವರ್ಷ ನಮ್ಮ ಎದುರುಮನೆಯ ಬಸವರಾಜೇಶ್ವರಿ ಹಳೇ ಮನೆ ಕೆಡವಿ ಹೊಸದು ಕಟ್ಟಲು ಸರ್ವೇಯರ್ ಕರೆಸಿದರು. ಕಾಗದದಲ್ಲಿ ಸೈಟು ಮೂವತ್ತಡಿ, ಅಳತೆಯಲ್ಲಿ ಇಪ್ಪತ್ತೊಂಬತ್ತು. ಉಳಿದ ಒಂದಡಿ ಪಕ್ಕದ ರಿಟೈರ್ಡ್ ಮೇಷ್ಟ್ರು ರೇವಣಸಿದ್ದಪ್ಪನವರ ಕಡೆ ಇತ್ತು. ಆಕೆ ರಸ್ತೆಯಲ್ಲೇ ನಿಂತು ಕೇಳಿದರು: "ಮೇಷ್ಟ್ರೇ, ಗೋಡೆ ಕಟ್ಟೋ ಮುಂಚೆ ನಾವು ಊರಿಗೆ ಹೋಗಿದ್ದಾಗ ಗೂಟ ಕಿತ್ತು ಈಚೆ ನೆಟ್ಟಿದೀರ. ಮಕ್ಕಳಿಗೆ ಹೇಳ್ಕೊಟ್ಟಿದ್ದು ಇದನ್ನೇನಾ?"

ಇಪ್ಪತ್ತಾರು ವರ್ಷ ಅದೇ ಗೋಡೆಯ ಮೇಲೆ ರೊಟ್ಟಿ, ಚಟ್ನಿಪುಡಿ ದಾಟಿಸಿಕೊಂಡವರು ಇವರು. ಮೇಷ್ಟ್ರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಾರನೇ ದಿನದಿಂದ ಪಾರ್ಕಿಗೂ ಬರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ನಾನೂ ಕಿಟಕಿಯಲ್ಲಿ ನಿಂತು ನೋಡಿದೆನೇ ಹೊರತು ಬಾಯಿ ಬಿಡಲಿಲ್ಲ.

ಭಾನುವಾರ ಹನುಮಯ್ಯನವರನ್ನು ಕರೆಸಿದರು. ಏಳೆಂಟು ಜನ ಸೇರಿದ್ದೆವು. "ನೀವೇ ಹೇಳಿ, ಗೂಟ ಎಲ್ಲಿತ್ತು?" ಎಂದರು ಬಸವರಾಜೇಶ್ವರಿ.

ಹನುಮಯ್ಯ ಗೋಡೆಯ ಮೇಲೆ ಕೈಯಿಟ್ಟರು. "ಇದನ್ನ ಅಳೆದ ದಿನ ಹಾಲವ್ವ ಬಂದಿರ್ಲಿಲ್ಲಮ್ಮ. ಮಗಳ ಬಾಣಂತನಕ್ಕೆ ಹೋಗಿದ್ಲು. ಟೇಪಿನ ತುದಿ ಬೇರೆಯವ್ರು ಹಿಡಿದಿದ್ರು. ಒಂದು ಬಿಟ್ಟಿದೀನಿ ಅಂತ ಯಾರೂ ಕೂಗ್ಲಿಲ್ಲ. ನಾನೂ ಮರ್ತೆ. ಮೂವತ್ತರಲ್ಲೇ ಗೂಟ ಹೊಡ್ದೆ. ಮೇಷ್ಟ್ರು ಅದನ್ನ ಮುಟ್ಟಿಲ್ಲ. ತಪ್ಪು ನಂದು."

ತುದಿ ಹಿಡಿದಿದ್ದವರು ಬಸವರಾಜೇಶ್ವರಿಯೇ. ನಾನು ಕಣ್ಣಾರೆ ಕಂಡಿದ್ದೆ. ಹನುಮಯ್ಯ ಆ ಹೆಸರು ಎತ್ತಲಿಲ್ಲ. ಸುಮ್ಮನಿದ್ದಿದ್ದರೂ ನಡೆಯುತ್ತಿತ್ತು, ಆ ಟೇಪಿನ ನೆನಪು ಯಾರಿಗಿತ್ತು?

"ಹಾಗಾದ್ರೆ ನಮ್ಮನೆ ಗೋಡೆ ಕಥೆ ಏನು?" ಎಂದ ಮೂಲೆಮನೆಯ ಉದಯಕುಮಾರ್. ಆ ವಾರವೆಲ್ಲ ಬೀದಿಯ ತುಂಬ ಟೇಪು. ಹೇಳಲು ನಾಚಿಕೆ, ನಾನೂ ಅಳೆಸಿದೆ. ಉಳಿದ ಇಪ್ಪತ್ತೊಂದು ಗೋಡೆಯೂ ಸರಿಯಾಗಿದ್ದವು. ಆದರೂ ಹನುಮಯ್ಯನವರನ್ನು ಮತ್ತೆ ಯಾರೂ ಕೆಲಸಕ್ಕೆ ಕರೆಯಲಿಲ್ಲ. ಥೂ, ನಮ್ಮ ಜನ್ಮಕ್ಕಿಷ್ಟು.

ಬಸವರಾಜೇಶ್ವರಿ ತಾವಾಗಿಯೇ ಮೇಷ್ಟ್ರ ಬಾಗಿಲಿಗೆ ಹೋದರು. "ತುದಿ ಹಿಡಿದಿದ್ದು ನಾನೇ ಮೇಷ್ಟ್ರೇ. ಅವ್ರು ನನ್ನ ಹೆಸ್ರು ಉಳಿಸಿದ್ರು, ನಾನು ನಿಮ್ಮ ಹೆಸ್ರು ಬೀದಿಗೆ ತಂದೆ" ಎಂದು ಅತ್ತರು.

ಮೇಷ್ಟ್ರು ಆಕೆಯನ್ನು ಒಳಗೆ ಕರೆದು ಕೂರಿಸಿದರು. ಆಮೇಲೆ, "ಗೋಡೆ ಒಡೆಸಮ್ಮ, ಒಂದಡಿ ನಿಂದೇ. ಆದ್ರೆ ಹೊಸದನ್ನ ಹನುಮಯ್ಯನೇ ಕಟ್ಬೇಕು. ಬೇರೆಯವ್ರು ಕಟ್ಟೋದಾದ್ರೆ ನಾನು ಒಪ್ಪಲ್ಲ" ಎಂದರು.

ಹನುಮಯ್ಯ ಹೊಸ ಟೇಪು ತಂದರು. ಹಾಲವ್ವ ಸೊನ್ನೆಯನ್ನು ಮೂಲೆಗಲ್ಲಿಗೆ ಒತ್ತಿ ಹಿಡಿದರು. ನಾವೆಲ್ಲ ನಮ್ಮ ನಮ್ಮ ಗೇಟಿನಲ್ಲಿ ನಿಂತಿದ್ದೆವು. ಗೂಟ ಹೊಡೆಯುವ ಮೊದಲು ಅವರು ಒಮ್ಮೆ ಅಳೆದರು, ಮತ್ತೊಮ್ಮೆ ಅಳೆದರು, ಮೂರನೇ ಸಲವೂ ಅಳೆದರು. ನಾಲ್ಕನೇ ಸಲ ಎಳೆಯಲು ಹೋದಾಗ ಮೇಷ್ಟ್ರು ಬಂದು ಅವರ ಕೈಯಿಂದ ಟೇಪು ತೆಗೆದುಕೊಂಡು, ಸುತ್ತಿ, ತಮ್ಮ ಜೇಬಿಗಿಟ್ಟುಕೊಂಡರು.

"ಸಾಕು ಹನುಮಯ್ಯ, ಹೊಡೀರಿ" ಎಂದರು.