ಟೈಲರಕ್ಕನ ಮರಿ

ಟೈಲರಕ್ಕ ಹೊಲಿಗೆಯಂತ್ರದ ಮುಂದೆ ಕುಳಿತರೆ ಭೂಮಿ ಅದುರಿದರೂ ಏಳುವವಳಲ್ಲ. ಇಪ್ಪತ್ತಾರು ವರ್ಷಗಳಿಂದ ಬೀದಿ ಇದನ್ನು ಒಪ್ಪಿಕೊಂಡಿತ್ತು. ಅಂಗಡಿಯ ಲೈಸೆನ್ಸ್ ನೋಡಲು ಬಂದ ಅಧಿಕಾರಿಗೂ ರಿಯಾಯಿತಿ ಸಿಗಲಿಲ್ಲ. ಅವನೇ ಗೋಡೆಯಿಂದ ಅದನ್ನಿಳಿಸಿ, ಓದಿ, ಮತ್ತೆ ಮೊಳೆಗೆ ಸಿಕ್ಕಿಸಿ, "ಬರ್ತೀನಮ್ಮ" ಎಂದು ಹೋದ. ಅಳತೆ ತೆಗೆಯುವುದಕ್ಕೂ ಆಕೆ ಏಳುತ್ತಿರಲಿಲ್ಲ. ಟೇಪು ಕೊರಳಲ್ಲಿ ಒಡವೆಯಂತೆ ತೂಗುತ್ತಿತ್ತು, ಅಷ್ಟೆ. ಬಂದವರನ್ನು ಕನ್ನಡಕದ ಮೇಲಿಂದ ಒಮ್ಮೆ ನೋಡಿ, "ತಿರುಗು" ಎಂದು ಇನ್ನೊಮ್ಮೆ ನೋಡಿ, ಕತ್ತರಿ ಎತ್ತಿಕೊಂಡರೆ ಮುಗಿಯಿತು. ಅಂಗಿ ಮೈಗೆ ಕೂರದಿದ್ದರೆ ತಪ್ಪು ಮೈಯದ್ದು.

ಇಂಥ ಕಣ್ಣು ಜೀವಮಾನದಲ್ಲಿ ಒಂದೇ ಸಲ ಕೈಕೊಟ್ಟಿತು. ಊರು ಬಿಡುತ್ತಿದ್ದ ಗಿರಾಕಿಯೊಬ್ಬ ಬುಟ್ಟಿಯಲ್ಲಿ ನಾಯಿಮರಿ ತಂದು, "ಕಾವಲು ತಳಿ ಅಕ್ಕ, ಸ್ವಲ್ಪ ದೊಡ್ಡದಾಗುತ್ತೆ" ಎಂದ. ಟೈಲರಕ್ಕ ಅಭ್ಯಾಸಬಲದಿಂದ ಅದಕ್ಕೂ "ತಿರುಗು" ಎಂದಳು. ಮರಿ ತಿರುಗಲಿಲ್ಲ, ಬುಟ್ಟಿಯಲ್ಲೇ ಉಚ್ಚೆ ಹೊಯ್ಯಿತು.

"ಮೊಣಕಾಲೆತ್ತರ. ಒಂದಿಂಚು ಹೆಚ್ಚು ಬೆಳೆದ್ರೆ ನನ್ನ ಕಿವಿ ಕೊಯ್ದು ಕೊಡ್ತೀನಿ" ಎಂದು ತೀರ್ಪಾಯಿತು.

ಒಂದೂವರೆ ವರ್ಷದಲ್ಲಿ ಅದು ಸೊಂಟದೆತ್ತರಕ್ಕೆ ಬಂದು, ಅರವತ್ತೆಂಟು ಕಿಲೋ ತೂಗಿ, ಬಾಗಿಲಲ್ಲಿ ಮಲಗಿದರೆ ಒಳಗೆ ಲೈಟು ಹಾಕಬೇಕಾಯಿತು. ಕಿವಿಯ ವಿಷಯ ಎತ್ತುವ ಧೈರ್ಯ ಯಾರಿಗೂ ಬರಲಿಲ್ಲ. ಆಕೆ ಮಾತ್ರ ಅದನ್ನು "ಮರಿ" ಎಂದೇ ಕರೆಯುತ್ತಿದ್ದಳು. ಅದಕ್ಕೆ ಹೊಲಿದ ಹಾಸಿಗೆ ಮೂರು ಸಲ ಸಾಲದೆ ಹೋದಾಗ ಮೂರು ಸಲವೂ "ಬಟ್ಟೆ ಕುಗ್ಗಿದೆ" ಎಂದಳು.

ಆದರೆ ಆರೈಕೆಯಲ್ಲಿ ಕೊರತೆಯಿಲ್ಲ. ಅಂಗಡಿ ತೆರೆಯುವ ಮುಂಚೆ ಒಂದು ಸುತ್ತು, ಮುಚ್ಚಿದ ಮೇಲೆ ಒಂದು ಸುತ್ತು. ಬಗ್ಗಿ ತಿಂದರೆ ಕುತ್ತಿಗೆ ನೋಯುತ್ತದೆಂದು ಹಳೆಯ ಮಿಷನ್ನಿನ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಊಟದ ಬೋಗುಣಿ. ಹೊಟ್ಟೆ ತಿರುಚಿಕೊಳ್ಳಬಾರದೆಂದು ಊಟ ಎರಡು ಪಾಲು, ಊಟವಾದ ಮೇಲೆ ಓಡಾಟ ಬಂದ್. ಜೊಲ್ಲು ಒರೆಸಲು ಚೂರುಬಟ್ಟೆಗಳನ್ನು ಅಂಚು ಮಡಚಿ ಹೊಲಿದು, ಡಜನ್‌ಗಟ್ಟಲೆ ಇಟ್ಟಿದ್ದಳು. ಬೀದಿಯ ಎಷ್ಟೋ ಗಂಡಂದಿರಿಗೆ ಅಷ್ಟು ಒಳ್ಳೆಯ ಕರ್ಚೀಫು ಇರಲಿಲ್ಲ.

ಮರಿಗೆ ಎರಡು ವರ್ಷ ತುಂಬಿದ ವಾರವೇ ಮಹಾಕ್ರಾಂತಿ ನಡೆಯಿತು. ಅಂಗಡಿಗೆ ಯಾರು ಬಂದರೂ ನಾಯಿ ಬಾಲ ಆಡಿಸಿ ದಾರಿ ಬಿಡುತ್ತಿತ್ತು. ಆದರೆ ಆ ವಾರದಿಂದ, ಬಟ್ಟೆಯ ಪೊಟ್ಟಣ ಹಿಡಿದು ಹೊರಟರೆ ಮಾತ್ರ ಎದ್ದು ಬಾಗಿಲಿಗೆ ಅಡ್ಡ ನಿಲ್ಲುತ್ತಿತ್ತು. ಬೊಗಳುವುದಿಲ್ಲ, ಕಚ್ಚುವುದಿಲ್ಲ, ಸುಮ್ಮನೆ ನಿಲ್ಲುವುದು, ಗೋಡೆ ನಿಂತ ಹಾಗೆ. ಪೊಟ್ಟಣ ಕೆಳಗಿಟ್ಟರೆ, "ದಯಮಾಡಿಸಿ" ಎಂಬಂತೆ ಸರಿಯುವುದು.

"ಈ ತಳಿಗೆ ಎರಡು ವರ್ಷಕ್ಕೆ ಜವಾಬ್ದಾರಿ ಬರುತ್ತೆ" ಎಂದರು ಪಶುವೈದ್ಯರು.

"ನನ್ನ ತಮ್ಮನಿಗೆ ನಲವತ್ತಾದರೂ ಬಂದಿಲ್ಲ" ಎಂದಳು ಟೈಲರಕ್ಕ.

ಕಟ್ಟಿಹಾಕಿ ನೋಡಿದ್ದಾಯಿತು, ಬಟ್ಟೆ ಕತ್ತರಿಸುವ ಮೇಜನ್ನೂ ಎಳೆದುಕೊಂಡೇ ಅದು ಬಾಗಿಲಿಗೆ ಬಂತು. ಆಸ್ಪತ್ರೆಯ ಹೆಡ್ ನರ್ಸ್ ಇಪ್ಪತ್ತನಾಲ್ಕು ಯೂನಿಫಾರ್ಮ್ ಒಯ್ಯಲು ಬಂದು ನಲವತ್ತು ನಿಮಿಷ ಸೆರೆಯಾದರು. ಕೊನೆಗೆ ಆಂಬುಲೆನ್ಸ್ ಕರೆಸಿ, ಕಿಟಕಿಯ ಸರಳಿನ ಸಂದಿಯಿಂದ ಒಂದೊಂದೇ ಅಂಗಿಯನ್ನು ಡ್ರೈವರ್ ಕೈಗೆ ದಾಟಿಸಿದರು. ಹೋಗುವಾಗ ಹೇಳಿದರು: "ಸೋಮವಾರ, ನೀವಿನ್ನೂ ಹೊಲಿಯಬೇಕಾದ ಹನ್ನೆರಡಕ್ಕೆ ಬರ್ತೀನಿ. ಆಗಲೂ ಇದೇ ಕಥೆಯಾದ್ರೆ ನಮ್ಮ ಆಸ್ಪತ್ರೆ ಬೇರೆ ಟೈಲರ್‌ನ ನೋಡ್ಕೊಳ್ಳುತ್ತೆ."

ಆಸ್ಪತ್ರೆ ಹೋದರೆ ಅಂಗಡಿಗೆ ಉಳಿಯುವುದು ಪ್ಯಾಂಟಿನ ಜಿಪ್ಪು ಮಾತ್ರ. ನಾಯಿಯನ್ನು ತನ್ನ ಗೋದಾಮಿನ ಕಾವಲಿಗೆ ಕೊಡು ಎಂದು ತಮ್ಮ ಹಾರಿ ಬಂದ. ಟೈಲರಕ್ಕ ಎರಡು ದಿನ ತಲೆಯೆತ್ತದೆ ಗುಂಡಿ ಹಚ್ಚಿದಳು. ಮೂರನೆಯ ದಿನ "ಸರಿ, ಕರ್ಕೊಂಡು ಹೋಗು" ಎಂದಳು.

ಸೋಮವಾರ ತಮ್ಮನ ಟೆಂಪೊ ಬಂತು. ಹೆಡ್ ನರ್ಸೂ ಬಂದು, ಯೂನಿಫಾರ್ಮಿನ ಕಟ್ಟು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕುಳಿತರು. ತಮ್ಮ ನಾಯಿಯ ಕುತ್ತಿಗೆಗೆ ಬೆಲ್ಟು ಹಾಕಿ ಎಳೆದ. ಬೆಲ್ಟು ಟೈಲರಕ್ಕ ದಪ್ಪ ಕ್ಯಾನ್ವಾಸಿನಲ್ಲಿ ಹೊಲಿದದ್ದು. ನಾಯಿಯ ಲೆಕ್ಕದಲ್ಲಿ ಅದೂ ಅಂಗಡಿಯ ಬಟ್ಟೆಯೇ, ಹಿಡಿದು ಹೊರಡುತ್ತಿದ್ದಾನೆ! ನಾಯಿ ಬಾಗಿಲಿಗೆ ಅಡ್ಡ ನಿಂತಿತು. ತಮ್ಮ ಹಿಂದಿನಿಂದ ನೂಕಿದ, ಮುಂದಿನಿಂದ ಜಗ್ಗಿದ, ಬಿಸ್ಕತ್ತು ತೋರಿಸಿದ. ಬಿಸ್ಕತ್ತು ಹೋಯಿತು, ನಾಯಿ ಹೋಗಲಿಲ್ಲ.

"ಅಕ್ಕಾ, ನೀನೇ ಬಂದು ಹತ್ತಿಸು."

"ಕೆಲಸ ಇದೆ ನನಗೆ."

"ಒಂದು ನಿಮಿಷದ ಕೆಲಸ ಕಣೇ! ಎದ್ರೆ ನಿನ್ನ ಕಿರೀಟ ಬಿದ್ದು ಹೋಗುತ್ತಾ?"

ಮಿಷನ್ ನಿಂತಿತು. ಟೈಲರಕ್ಕ ಕುರ್ಚಿಯ ತೋಳು ಹಿಡಿದು, ಮೊಣಕಾಲು ಲಟಕ್ಕೆನ್ನಿಸಿ, ಹಾಡಹಗಲು, ಗಿರಾಕಿಯ ಎದುರಿಗೇ ಎದ್ದು ನಿಂತಳು. ಹೆಡ್ ನರ್ಸ್ ಎದೆಯ ಮೇಲೆ ಕೈಯಿಟ್ಟುಕೊಂಡರು. ತಮ್ಮ ಬೆಲ್ಟನ್ನು ಕೈಬಿಟ್ಟ.

ಆಕೆ ಬೆಲ್ಟನ್ನು ಕೈಗೆ ತೆಗೆದುಕೊಂಡು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಳಷ್ಟೆ. ನಾಯಿ ತಕ್ಷಣ ಪಕ್ಕಕ್ಕೆ ಸರಿದು, ಬಾಲವನ್ನು ಚೌಕಟ್ಟಿಗೆ ಬಡಿಯುತ್ತ ನಿಂತಿತು. ಯಜಮಾನಿಯೇ ಒಯ್ಯುತ್ತಿದ್ದರೆ ಅದರದ್ದೇನು ತಕರಾರು?

ಟೈಲರಕ್ಕ ಸರಿದ ನಾಯಿಯನ್ನು ನೋಡಿದಳು. ಖಾಲಿ ಬಾಗಿಲನ್ನು ನೋಡಿದಳು. ಬೆಲ್ಟು ಬಿಚ್ಚಿ ತಮ್ಮನ ಹೆಗಲಿಗೆ ಹಾಕಿದಳು.

"ನೀನು ಹೊರಡು."

"ನಾಯಿ?"

"ಇದಕ್ಕೆ ಬೇಕಾಗಿದ್ದು ನಾನು ಏಳೋದು ತಾನೇ? ಎದ್ದಾಯ್ತು."

"ದಿನಾ ಏಳ್ತೀಯೇನೇ? ಗಿರಾಕಿ ಗಿರಾಕಿಗೂ?"

"ನೀನೇನು ಬಂದು ಎಬ್ಬಿಸ್ಬೇಕಾಗಿಲ್ಲ. ಹೊರಡು ಅಂದ್ನಲ್ಲ."

ತಮ್ಮ ಗೊಣಗುತ್ತ ಬೆಲ್ಟನ್ನು ಕುರ್ಚಿಯ ಮೇಲೆ ಬಿಸಾಕಿ ಬರಿಗೈಯಲ್ಲಿ ಹೊರಟ. ನಾಯಿ ಬಾಲ ಆಡಿಸಿ ಬೀಳ್ಕೊಟ್ಟಿತು. ಟೈಲರಕ್ಕ ಹೆಡ್ ನರ್ಸಿನ ಮಡಿಲಿಂದ ಕಟ್ಟೆತ್ತಿಕೊಂಡು ಬೀದಿಯವರೆಗೂ ನಡೆದು, ಅವರ ಕೈಗೆ ಕೊಟ್ಟಳು. ಎದುರಂಗಡಿಯ ಕ್ಷೌರಿಕ ಕತ್ತರಿ ಆಡಿಸುವುದನ್ನೇ ಮರೆತು ನಿಂತ. ಹೆಡ್ ನರ್ಸ್ "ಅಯ್ಯೋ, ನೀವ್ಯಾಕೆ..." ಎನ್ನುತ್ತಲೇ ಹೋದರು.

ಸುದ್ದಿ ಹರಡಲು ಎಷ್ಟು ಹೊತ್ತು? ಹದಿನೈದು ದಿನದಿಂದ ಕಪಾಟಿನಲ್ಲಿ ಕೊಳೆಯುತ್ತಿದ್ದ ಬಟ್ಟೆಗಳಿಗೆಲ್ಲ ಆವತ್ತೇ ವಾರಸುದಾರರು ಹುಟ್ಟಿಕೊಂಡರು. ಸಂಜೆಯ ಹೊತ್ತಿಗೆ ಟೈಲರಕ್ಕ ಹತ್ತೊಂಬತ್ತು ಸಲ ಎದ್ದಿದ್ದಳು. ಇಪ್ಪತ್ತನೆಯವನು ಕ್ಷೌರಿಕ. ಹೊಲಿಸಿದ್ದು ಒಂದು ತಲೆದಿಂಬಿನ ಚೀಲ. ಅದನ್ನು ಎರಡೂ ಕೈಯಲ್ಲಿ ಹಿಡಿದು ನಾಯಿಯ ಮುಂದೆ ನಿಂತು ಹಲ್ಲು ಕಿಸಿಯುತ್ತಿದ್ದ.

"ಟೈಲರಕ್ಕಾ, ನಂದೂ ಒಂದು..."

"ಬಂದೆ ಇರಪ್ಪ" ಎಂದು ಆಕೆ ಕುರ್ಚಿಯ ತೋಳು ಹಿಡಿದಳು.